ಆರತಿ ನೀರಿನ ರಕ್ತ

ನನ್ನ ಹತ್ತಿರ ಒಂದು ಬಿಳಿ ಜುಬ್ಬವಿದೆ. ಒಣಗಿರುವಾಗ ಅದರ ಹೊಟ್ಟೆಯ ಭಾಗದಲ್ಲಿ ಮಾಸಲು ಹಳದಿಯ ಕಲೆಯೊಂದು ಬಹಳ ಸಾಧುವಾಗಿ ಕೂತಿರುತ್ತದೆ. ಮದುವೆಮನೆಯಲ್ಲಿ ಹುಳಿ ಬಡಿಸುವವನು ಕೈ ಜಾರಿಸಿರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಒಗೆಯುವ ಕಲ್ಲಿನ ಮೇಲೆ ಹಾಕಿ ಸೋಪು ತಿಕ್ಕಿದರೆ ಮಾತ್ರ ಅದರ ನಿಜಬಣ್ಣ ಹೊರಬೀಳುತ್ತದೆ. ಕಣ್ಣೆದುರೇ ಕಲೆ ಕೆಂಪಾಗುತ್ತದೆ, ಈಗ ತಾನೇ ಚೂರಿ ಹಾಕಿದ ಹಾಗೆ. ಮನೆಗೆಲಸಕ್ಕೆ ಹೊಸದಾಗಿ ಬಂದ ರತ್ನಮ್ಮ ಅದನ್ನು ಕಂಡು, "ಅಕ್ಕಾ, ಅಯ್ನೋರಿಗೆ ಏನೋ ಆಗೈತೆ!" ಎಂದು ಕೂಗಿಕೊಂಡು ಹಿತ್ತಲಿನಿಂದ ಓಡಿ ಬಂದಳು. ನನ್ನ ಹೆಂಡತಿ ಸುಧಾ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, "ಏನೂ ಆಗಿಲ್ಲ ಕಣೇ. ಅವರನ್ನ ಸಿನಿಮಾದಲ್ಲಿ ಕೊಯ್ದಿದ್ರು, ಅಷ್ಟೇ" ಎಂದಳು.

ರತ್ನಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ನಾನು ಪೇಪರನ್ನು ಮುಖದ ಮೇಲಕ್ಕೆ ಎತ್ತಿಕೊಂಡೆ.

ಆ ಜುಬ್ಬವನ್ನು ಬಿಸಾಕು ಎಂದು ಸುಧಾಗೆ ಹೇಳಿ ಹೇಳಿ ಸಾಕಾಗಿದೆ. "ಒಳ್ಳೇ ಬಟ್ಟೆ, ಮನೇಲಿ ಹಾಕ್ಕೊಳ್ಳಿ" ಎನ್ನುತ್ತಾಳೆ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಆರತಿ ತಟ್ಟೆ ನೋಡಿದ ನಿಮಗೆ ನಾನೇನೂ ಹೇಳಿಕೊಡಬೇಕಾಗಿಲ್ಲ. ಸೋಪಿನಲ್ಲೂ ಸುಣ್ಣದ ಬುದ್ಧಿ ಸ್ವಲ್ಪ ಇದೆ. ಹಾಗಾಗಿ ನಮ್ಮ ಮನೆಯಲ್ಲಿ ಒಗೆತದ ದಿನ ಬಂದಾಗಲೆಲ್ಲ ನನ್ನ ಮಾನ ಹಿತ್ತಲಲ್ಲಿ ಒಂದು ಸಲ ಕೆಂಪಾಗಿ ಹರಿದು ಮೋರಿಗೆ ಹೋಗುತ್ತದೆ.

ಸಿನಿಮಾದ ಹೆಸರು 'ಗರಗಸ ಗಾರುಡಿ'. ನೀವು ನೋಡಿರಲಾರಿರಿ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಅಕಸ್ಮಾತ್ ನೋಡಿದ್ದರೆ, ನನ್ನ ಎದುರಿಗೆ ಸಿಕ್ಕಾಗ ದಯವಿಟ್ಟು ಆ ಮಾತು ಎತ್ತಬೇಡಿ. ಕಥೆ ದೊಡ್ಡದೇನಲ್ಲ. ಒಬ್ಬ ಗಾರುಡಿ ಊರೂರಿನ ರಂಗದ ಮೇಲೆ ಜಾದೂ ತೋರಿಸುತ್ತಾ ಬರುತ್ತಾನೆ. ಒಂದು ಊರಲ್ಲಿ ಅವನ ಪಾರಿವಾಳ ಟೋಪಿಯೊಳಗೇ ಸಿಕ್ಕಿಕೊಂಡು ಆಟ ಕೆಡುತ್ತದೆ, ಜನ ನಗುತ್ತಾರೆ, ಆ ನಗುವಿಗೆ ಎದೆಯೊಡೆದು ಅವನು ಸಾಯುತ್ತಾನೆ. ಆಮೇಲೆ ಅದೇ ಊರಿಗೆ ಪಿಶಾಚಿಯಾಗಿ ಬಂದು, ನಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ರಂಗಕ್ಕೆ ಕರೆದು, ಪೆಟ್ಟಿಗೆಯಲ್ಲಿ ಮಲಗಿಸಿ, ಗರಗಸದಿಂದ ಕೊಯ್ಯುತ್ತಾನೆ. ಕೂತವರು ಅದನ್ನೂ ಜಾದೂ ಅಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ಕಥೆ, ಉಳಿದದ್ದೆಲ್ಲ ರಕ್ತ. ಅವತ್ತು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ ಶಾಲಾ ಮೇಷ್ಟ್ರ ಪಾತ್ರ ನನ್ನದು.

ನಾನು ನಿಜಕ್ಕೂ ಮೇಷ್ಟ್ರೇ. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸಿನಿಮಾ ತೆಗೆದ ಕಿರಣ ನನ್ನ ಹಳೇ ಶಿಷ್ಯ. ಅವನನ್ನು ಗಣಿತದಲ್ಲಿ ಪಾಸು ಮಾಡಿಸುವಷ್ಟರಲ್ಲಿ ನಾನು ಹಣ್ಣಾಗಿದ್ದೆ. ಈಗ ಅವನು ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುತ್ತಾನೆ. ಮದುವೆ ಕಾಲ ಮುಗಿದು ಆಷಾಢ ಬಂದರೆ ಕೆಲಸವಿರುವುದಿಲ್ಲ. ಹಾಗೆ ಕೈ ಖಾಲಿಯಾಗಿದ್ದ ಒಂದು ಆಷಾಢದಲ್ಲಿ ಅವನ ತಲೆಗೆ ಈ ಗಾರುಡಿ ಹೊಕ್ಕಿದ.

"ಸಾರ್, ನಿಮ್ಮ ಮುಖದಲ್ಲಿ ಒಂದು ಭಯ ಇದೆ ಸಾರ್. ಅದು ಕ್ಯಾಮರಾಗೆ ಬೇಕು" ಎಂದು ಮನೆಗೆ ಬಂದು ಕೂತ.

"ನನ್ನ ಮುಖ ನೋಡಿ ಭಯ ಇದ್ದಿದ್ದು ನಿನಗೆ ಕಣೋ" ಎಂದೆ.

ಹಾಗೆ ಅಂದೆನೇ ಹೊರತು ಒಳಗೊಳಗೇ ಉಬ್ಬಿದ್ದೆ. ಅವನು ಹೋದ ಮೇಲೆ ಬಚ್ಚಲಿನ ಕನ್ನಡಿಯಲ್ಲಿ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿಕೊಂಡೆ. ಹಾಸನಕ್ಕೆ ಹೋದಾಗ ಮುಖಕ್ಕೆ ಹಚ್ಚುವ ಒಂದು ಕ್ರೀಮು ಕೊಂಡು, ಹಿಮ್ಮಡಿ ಒಡಕಿನ ಔಷಧ ಎಂದು ಸುಧಾಗೆ ಹೇಳಿದೆ. "ಹಿಮ್ಮಡೀಗೆ ಮಲ್ಲಿಗೆ ವಾಸನೆದು ಯಾಕೆ?" ಎಂದು ಅವಳು ಕೇಳಿದಳು. ಯಾರೂ ಬಲವಂತ ಮಾಡಲಿಲ್ಲ, ನಾನಾಗಿಯೇ ಹೋಗಿ ಆ ಪೆಟ್ಟಿಗೆಯಲ್ಲಿ ಮಲಗಿದವನು. ಇದನ್ನು ನೀವು ಮರೆಯಬಾರದು.

ಅಮ್ಮನಿಗೆ ಮಾತ್ರ 'ಇಂದ್ರಜಾಲದ ಚಿತ್ರ' ಎಂದು ಹೇಳಿದ್ದೆ. ಸುಳ್ಳಂತೂ ಅಲ್ಲ. ಅಮ್ಮ ಬೇಲೂರಿನವಳು. ಅಪ್ಪ ಅಲ್ಲಿಗೆ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಪರಿಚಾರಕರಾಗಿದ್ದರು. ಅವರು ಹೋದ ಮೇಲೆ ಅಮ್ಮ ನಮ್ಮ ಜೊತೆ ಅರಸೀಕೆರೆಯಲ್ಲೇ ಇದ್ದಾಳೆ. ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ಮಾತು ಹೆಚ್ಚಿಲ್ಲ. "ಮಾತ್ರೆ ತಗೊಂಡ್ಯಾ?" "ಹೂಂ." "ಊಟ ಆಯ್ತಾ?" "ಆಯ್ತು." ಜಗಳ ಮನಸ್ತಾಪ ಏನೂ ಇಲ್ಲ. ಮೀಸೆ ನರೆತ ಮಗ ತಾಯಿಯ ಹತ್ತಿರ ಇನ್ನೇನು ಮಾತಾಡುತ್ತಾನೆ, ನೀವೇ ಹೇಳಿ.

ಜಾದೂಗಾರರ ಜೊತೆ ನನ್ನ ಋಣಾನುಬಂಧ ಇದೇ ಮೊದಲಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಾನು ಬೇಲೂರಿನ ಪ್ರೈಮರಿ ಶಾಲೆಯಲ್ಲಿದ್ದಾಗ ಕರೀ ಕೋಟಿನ ಒಬ್ಬ ಜಾದೂಗಾರ ಬಂದಿದ್ದ. ಕಾಗದ ನುಂಗಿ ಬಣ್ಣದ ರಿಬ್ಬನ್ನು ಉಗುಳಿದ, ಹೆಡ್‌ಮಾಸ್ಟರ ಕಿವಿಯಿಂದ ಗೋಲಿ ತೆಗೆದ. ಆಮೇಲೆ, "ಒಬ್ಬ ಜಾಣ ಹುಡುಗ ಮುಂದೆ ಬಾ" ಎಂದ. ಜಾಣ ಎಂದಮೇಲೆ ನಾನೇ ಎಂದು ಎದ್ದು ಹೋದೆ. ಅವನು ನನ್ನನ್ನು ಬಗ್ಗಿಸಿ ನಿಲ್ಲಿಸಿ, ಬೆನ್ನು ತಟ್ಟಿ, "ಕೊಕ್ಕೊಕ್ಕೋ ಅನ್ನು" ಎಂದ. ನಾನು ಕೊಕ್ಕೊಕ್ಕೋ ಅಂದೆ. ನನ್ನ ಚಡ್ಡಿಯ ಹಿಂದಿನಿಂದ ಬಿಳೀ ಕೋಳಿಮೊಟ್ಟೆಯೊಂದನ್ನು ತೆಗೆದು ಎಲ್ಲರಿಗೂ ತೋರಿಸಿದ.

ದೇವಸ್ಥಾನದ ಮನೆಯ ಹುಡುಗ ಮೊಟ್ಟೆಯಿಟ್ಟ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಜ್ಜಿ ಹೊಸಲಿನ ಆಚೆಯೇ ನಿಲ್ಲಿಸಿದಳು. ತಣ್ಣೀರು ಹುಯ್ದರು, ಪಂಚಗವ್ಯ ಕುಡಿಸಿದರು. ನಾನು ಅಳುತ್ತಾ, "ನಾನು ಇಟ್ಟಿಲ್ಲ, ಅವನೇ ಇಟ್ಟಿದ್ದು" ಎಂದು ವಾದಿಸುತ್ತಿದ್ದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ತಲೆ ಒರೆಸುತ್ತಿದ್ದಳು. ಹೈಸ್ಕೂಲು ಮುಗಿಯುವವರೆಗೂ ನನ್ನ ಹೆಸರು ಮೊಟ್ಟೆ ಎಂದೇ ಇತ್ತು. ಬೇಲೂರಿಗೆ ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಯಾರಾದರೂ ಒಬ್ಬರು, "ಏನ್ಲಾ ಮೊಟ್ಟೆ, ಯಾವಾಗ ಬಂದೆ?" ಎನ್ನುತ್ತಾರೆ, ನನ್ನ ಬೋಳುತಲೆ ನೋಡಿ ಆ ಹೆಸರು ಇನ್ನೂ ಚೆನ್ನಾಗಿ ಹೊಂದುತ್ತದೆ ಎಂದುಕೊಳ್ಳುತ್ತಾರೋ ಏನೋ.

ಇರಲಿ, ಶೂಟಿಂಗಿಗೆ ಬರೋಣ. ಗಾರುಡಿಯ ಪಾತ್ರಕ್ಕೆ ಸಿಕ್ಕಿದವನು ಜಾವಗಲ್ಲಿನ ಪುಟ್ಟಸ್ವಾಮಿ. ಬಸ್ ಕಂಡಕ್ಟರು, ಹವ್ಯಾಸಕ್ಕೆ ಜಾದೂ ಕಲಿತವನು. ಬಸ್ಸು ಕೆಟ್ಟು ನಿಂತರೆ ಇಸ್ಪೀಟೆಲೆ ಮಾಯ ಮಾಡಿ ತೋರಿಸಿ ಪ್ರಯಾಣಿಕರ ಸಿಟ್ಟನ್ನು ಇಳಿಸುತ್ತಾನಂತೆ. ಗುಂಗುರು ಕೂದಲು, ದಪ್ಪ ಹುಬ್ಬು, ಎಮ್ಮೆಯಂಥ ಮೈಕಟ್ಟು. ಒಳಗೆ ಬೆಣ್ಣೆಯಂಥ ಮನುಷ್ಯ. ಮೊದಲ ದಿನ ಹಳೇಬೀಡಿನಲ್ಲಿ ತೆಗೆಯಬೇಕೆಂದು ಕಿರಣನ ಆಸೆ. ದೇವಸ್ಥಾನದ ಒಳಗೆ ಪರ್ಮಿಶನ್ ಇಲ್ಲವೆಂದು ಕಾವಲಿನವರು ಕ್ಯಾಮರಾ ನೋಡಿದ ಕೂಡಲೇ ಹೊರಗೆ ಕಳಿಸಿದರು. ಕೆರೆ ಏರಿಯ ಮೇಲೆ ನಿಂತು, ದೂರದಲ್ಲಿ ದೇವಸ್ಥಾನ ಕಾಣುವ ಹಾಗೆ, ಕರಿ ನಿಲುವಂಗಿಯಲ್ಲಿ ಪುಟ್ಟಸ್ವಾಮಿ ನಡೆದು ಬರುವುದನ್ನು ತೆಗೆದರು. ನೆತ್ತಿ ಸುಡುವ ಬಿಸಿಲು. ಪ್ರವಾಸಕ್ಕೆ ಬಂದಿದ್ದ ಹೆಂಗಸರು ಪಿಶಾಚಿಯ ಜೊತೆ ಫೋಟೋ ತೆಗೆಸಿಕೊಂಡು, ಬಸ್ಸು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಪಿಶಾಚಿ ಕೋರೆಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಇಲ್ಲೇ ನಿಂತ್ಕಳಿ ತಾಯಿ, ಈಗ ಬೇಲೂರ್ ಗಾಡಿ ಬತ್ತೈತೆ" ಎಂದಿತು.

ನನ್ನನ್ನು ಕೊಯ್ಯುವ ದೃಶ್ಯ ಅರಸೀಕೆರೆಯ ಒಂದು ಖಾಲಿ ಕೊಬ್ಬರಿ ಗೋಡೌನಿನಲ್ಲಿ. ಗೋಣಿತಾಟು ಕಟ್ಟಿ ರಂಗ ಮಾಡಿದ್ದರು. ಅವತ್ತು ಬೆಳಗಿನ ಜಾವವೇ ಕಿರಣ ಮನೆಗೆ ಬಂದು, ಕರಿ ಪ್ಲಾಸ್ಟಿಕ್ ಕವರಿನಲ್ಲಿ ಏನೋ ತಂದು, "ಸಾರ್, ಕರುಳಿಗೆ ಇದು. ಮಟನ್ ಅಂಗಡೀಲಿ ಹೇಳಿ ಇಡಿಸಿದ್ದೆ. ಒರಿಜಿನಲ್ ಥರಾನೇ ಕಾಣುತ್ತೆ" ಎಂದು ಪಿಸುಗುಟ್ಟಿದ.

ಸುಧಾ ಬಾಗಿಲಲ್ಲಿ ನಿಂತವಳು ಮೂಗು ಮುಚ್ಚಿಕೊಂಡಳು. "ಅದನ್ನ ಇವರ ಹೊಟ್ಟೆ ಮೇಲೆ ಇಡೋ ಹಾಗಿದ್ರೆ ಇವರು ವಾಪಸ್ ಈ ಮನೆಗೆ ಬರೋದು ಬೇಡ" ಎಂದಳು.

ಕರುಳಿನಲ್ಲೂ ಮಡಿ ಬೇಕೆಂದು ಹೊರಟವರು ಜಗತ್ತಿನಲ್ಲಿ ನಾವೊಬ್ಬರೇ ಇರಬೇಕು. ಚರ್ಚೆ ನಡೆದು, ಅಕ್ಕಿ ಶ್ಯಾವಿಗೆ ಎಂದು ತೀರ್ಮಾನವಾಯಿತು. ಶ್ಯಾವಿಗೆ ಒರಳಿಗೆ ಎಲ್ಲಕ್ಕಿಂತ ದಪ್ಪ ತೂತಿನ ಬಿಲ್ಲೆ ಹಾಕಿ ಸುಧಾ ಒತ್ತಿದಳು, ನಾನು ಹಿಡಿಯ ಮೇಲೆ ಭಾರ ಬಿಟ್ಟೆ. ನನ್ನ ಕರುಳನ್ನು ನಾನೇ ಒತ್ತಿಕೊಂಡವನು. ಬಣ್ಣಕ್ಕೂ ರಕ್ತಕ್ಕೂ ಏನು ಮಾಡುವುದು? ಕಿರಣ ತಂದಿದ್ದ ಡಬ್ಬಿಯ ಬಣ್ಣ ಮೈಗೆ ತಾಗಿದರೆ ನವೆ ಏಳುತ್ತಿತ್ತು. ಆಗ ನಡುಮನೆಯಿಂದ ಅಮ್ಮನ ಧ್ವನಿ ಬಂತು. "ಕೆಂಪು ನೀರು ತಾನೆ? ನಾನು ಮಾಡಿಕೊಡ್ತೀನಿ."

ಆರತಿ ನೀರು ಕಲಸುವುದರಲ್ಲಿ ಅಮ್ಮನಿಗೆ ಬಹಳ ಜಂಬ. ನಮ್ಮ ಬೀದಿಯಲ್ಲಿ ಮದುಮಕ್ಕಳು ಮನೆತುಂಬುವಾಗ, ಬಾಣಂತಿ ಹೊಸಲು ದಾಟುವಾಗ, ಅವಳನ್ನೇ ಕರೆಯುತ್ತಾರೆ. ಬಕೆಟ್ಟುಗಟ್ಟಲೆ ಬೇಕು ಎಂದಾಗ, "ಯಾರ ಮದುವೆನೋ ಅಷ್ಟೊಂದು?" ಎಂದು ಕೇಳಿದಳು. "ಜಾದೂಗೆ ಅಮ್ಮ, ನೀರಿನ ಬಣ್ಣ ಬದಲಾಯಿಸೋ ಆಟ" ಎಂದೆ. ಖುಷಿಯಿಂದ ಸೆರಗು ಸಿಕ್ಕಿಸಿ ಹಿತ್ತಲಿನಲ್ಲಿ ಕೂತಳು. ಅವಳ ಕೈಯಾರೆ ಮಾಡಿದ ರಕ್ತವನ್ನು ಕೊಡಗಳಲ್ಲಿ ತುಂಬಿಕೊಂಡು ಆಟೋದಲ್ಲಿ ಹೋದೆವು.

ಗೋಡೌನಿನಲ್ಲಿ ಒಂದು ಎಡವಟ್ಟಾಯಿತು. ಕಿರಣನ ಕಡೆಯವರು ನಿಂಬೆಹಣ್ಣಿನ ಪಾನಕ ಕುಡಿದು ಲೋಟದ ತಳದಲ್ಲಿ ಉಳಿದದ್ದನ್ನು ರಕ್ತದ ಬಕೆಟ್ಟಿಗೆ ಚೆಲ್ಲಿದ್ದರು. ಹುಳಿ ಬಿದ್ದರೆ ಆ ಕೆಂಪು ನಿಲ್ಲುವುದುಂಟೇ? "ಸಾರ್, ನಿಮ್ಮ ರಕ್ತ ಅರಿಶಿನ ಆಗೋಯ್ತು ಸಾರ್!" ಎಂದು ಕಿರಣ ತಲೆ ಮೇಲೆ ಕೈಹೊತ್ತ. ಮತ್ತೆ ಸುಣ್ಣ ತರಿಸಿ ಕಲಸಿದರು, ಅದು ಇಟ್ಟಿಗೆ ಬಣ್ಣಕ್ಕೆ ಹೋಯಿತು. ನನ್ನ ದೇಹದಿಂದ ಆ ಸಿನಿಮಾದಲ್ಲಿ ಬಗೆಬಗೆಯ ರಕ್ತ ಹರಿದಿದೆ. ಬಣ್ಣ ಹಾಕದೆ ಉಳಿದ ಶ್ಯಾವಿಗೆಯನ್ನು ಊಟದ ಹೊತ್ತಿಗೆ ಎಲ್ಲರೂ ಕಾಯಿಹಾಲು ಬೆಲ್ಲ ಹಾಕಿಕೊಂಡು ತಿಂದರು. ನಾನು ಹೊಟ್ಟೆಯ ಮೇಲೆ ಕರುಳು ಹೊತ್ತುಕೊಂಡು, ಅಲ್ಲಾಡಿದರೆ ಜಾರುತ್ತದೆಂದು, ಸುಮ್ಮನೆ ನೋಡುತ್ತಾ ಮಲಗಿದ್ದೆ. ಪುಟ್ಟಸ್ವಾಮಿಯೇ ಬಂದು ಒಂದು ತುತ್ತು ಬಾಯಿಗಿಟ್ಟ.

ಇಲ್ಲಿಯವರೆಗೆ ನಡೆದದ್ದನ್ನೆಲ್ಲ ನಾನು ನಗುತ್ತಲೇ ಹೇಳಬಲ್ಲೆ. ಮುಂದಿನದನ್ನು ಹೇಳುವಾಗ ಕಿವಿ ಬಿಸಿಯಾಗುತ್ತದೆ.

ಪೆಟ್ಟಿಗೆ ಹಳೇ ಬಾಗಿಲ ಹಲಗೆಗಳಿಂದ ಮಾಡಿದ್ದು. ನಾನು ಮಲಗಿದ ಮೇಲೆ ಮುಚ್ಚಳ ಹಾಕಿ ಅಗುಳಿ ಜಡಿದರು. ಮುಖದ ಹತ್ತಿರ ಒಂದು ತೂತು, ಅದರಲ್ಲಿ ಕ್ಯಾಮರಾ ಕಾಣುತ್ತಿತ್ತು. ಒಳಗೆ ಹಳೇ ಕೊಬ್ಬರಿಯ ಮುಗ್ಗಲು ವಾಸನೆ, ಬೆನ್ನ ಕೆಳಗೆ ಆರತಿ ನೀರಿನ ತಂಪು. "ಸಾ, ಕಾಲಿಗೆ ತಾಗ್ತಾ ಐತಾ? ತಾಗಿದ್ರೆ ಹೇಳ್ಬುಡಿ" ಎಂದು ಪುಟ್ಟಸ್ವಾಮಿ ತೂತಿನಲ್ಲಿ ಬಗ್ಗಿ ಕೇಳಿ, ಆಮೇಲೆ ಗಾರುಡಿಯ ನಗು ನಕ್ಕು, ಗರಗಸ ಎಳೆಯಲು ಶುರು ಮಾಡಿದ. ಮೇಲಿನ ಹಲಗೆಯನ್ನು ನಿಜಕ್ಕೂ ಕೊಯ್ಯುತ್ತಿದ್ದ. ಹುಡಿ ಮೂಗಿಗೆ ಬಿತ್ತು, ಕಣ್ಣಿಗೆ ಬಿತ್ತು. ಮುಖ ಒರೆಸಿಕೊಳ್ಳೋಣವೆಂದರೆ ಕೈ ಎತ್ತಲು ಜಾಗವಿಲ್ಲ. ಉಸಿರು ಅರ್ಧಕ್ಕೇ ನಿಂತಿತು.

ನಾನು ಹೇಳಬೇಕಾಗಿದ್ದ ಮಾತು, "ಗಾರುಡಿ, ನನ್ನನ್ನು ಕ್ಷಮಿಸು" ಎಂದು. ಕನ್ನಡಿಯ ಮುಂದೆ ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿದ್ದೆ. ಬಾಯಿಂದ ಬಂದದ್ದು ಬೇರೆ. "ಅಮ್ಮಾ! ಬಾಮ್ಮಾ, ನಂಗೆ ಭಯ ಆಗುತ್ತೆ, ಬಾಮ್ಮಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಐವತ್ತು ದಾಟಿದ ಗಂಡಸಿನ ಧ್ವನಿಯಾಗಿರಲಿಲ್ಲ ಅದು. ಪುಟ್ಟಸ್ವಾಮಿ ಗರಗಸ ಬಿಸುಟು ಅಗುಳಿ ಕಿತ್ತ. ಅದು ಸಿಕ್ಕಿಕೊಂಡಿತ್ತು, ಹೆಗಲು ಕೊಟ್ಟು ಎಬ್ಬಿಸಿ ತೆಗೆದ. "ಏನೂ ಆಗಿಲ್ಲ ಸಾ, ಏನೂ ಆಗಿಲ್ಲ" ಎಂದು ನನ್ನ ಎದೆ ಸವರಿದ. ಕಿರಣನ ಕಡೆಯವರು ಚಪ್ಪಾಳೆ ತಟ್ಟಿದರು. "ಏನ್ ಆಕ್ಟಿಂಗು ಸಾರ್!" ಎಂದರು. ನಾನು ನಕ್ಕೆ.

ತರಗತಿಯಲ್ಲಿ ಹುಡುಗರು ಅತ್ತರೆ, "ಏನೋ ಅಮ್ಮಾ ಅಮ್ಮಾ ಅಂತ ರಾಗ ಎಳೀತೀಯ, ಕರಕೊಂಡು ಬಾ ಅವಳನ್ನೂ, ಇಬ್ಬರೂ ಕೂತು ಲೆಕ್ಕ ಮಾಡಿ" ಎಂದು ರೇಗಿಸುವ ಮೇಷ್ಟ್ರು ನಾನು. ಆ ಕೂಗನ್ನು ಆ ಹುಡುಗರು ಕೇಳುತ್ತಾರಲ್ಲ ಎಂಬುದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಮ್ಮ ಕೇಳುತ್ತಾಳೆ. ಕೊಯ್ದದ್ದು ನೋಡಿದರೆ ನೋಡಲಿ, ಕರುಳು ನೋಡಿದರೆ ಶ್ಯಾವಿಗೆ ಎಂದು ಹೇಳಿದರಾಯಿತು. ಆ ಕೂಗನ್ನು ಮಾತ್ರ ಅವಳ ಮುಂದೆ ಏನೆಂದು ಹೇಳುವುದು? ಎದುರೆದುರಿಗೆ ಮಾತ್ರೆ ತಗೊಂಡ್ಯಾ ಎಂದು ಕೇಳಿ ಮುಗಿಸುವ ಮಗನ ಹೊಟ್ಟೆಯೊಳಗೆ ಇಂಥದ್ದೊಂದು ಇದೆಯೆಂದು ಅವಳಿಗೆ ತಿಳಿಯುವುದನ್ನು ನೆನೆದರೇ ಮೈಯೆಲ್ಲ ಹಿಡಿಯಾಗುತ್ತಿತ್ತು.

ಕಿರಣನ ಸ್ಟುಡಿಯೋಗೆ ಹೋಗಿ ಕೂತೆ. "ಅದೊಂದು ಕೂಗು ತೆಗೆದುಬಿಡು ಮಾರಾಯ. ಯಾರದಾದರೂ ಬೇರೆ ಧ್ವನಿ ಹಾಕು" ಎಂದೆ.

"ಅದೇ ಸಾರ್ ಇಡೀ ಪಿಚ್ಚರಲ್ಲಿ ಚೆನ್ನಾಗಿರೋದು" ಎಂದ.

"ಕೈ ಮುಗೀತೀನಿ ಕಣೋ."

ಮೇಷ್ಟ್ರು ಕೈ ಮುಗಿದದ್ದು ನೋಡಿ ಅವನಿಗೆ ಮುಜುಗರವಾಯಿತು. "ಅಯ್ಯೋ ಬಿಡಿ ಸಾರ್, ತೆಗೀತೀನಿ" ಎಂದ. ಮದುವೆ ಆಲ್ಬಮ್ಮು ಮುಂದಿನ ವಾರ ಕೊಡ್ತೀನಿ ಎಂದು ಹೇಳುವ ಧಾಟಿಯಲ್ಲೇ ಹೇಳಿದ. ನನಗೆ ಆಗಲೇ ತಿಳಿಯಬೇಕಾಗಿತ್ತು.

ಟ್ರೈಲರು ಫೋನುಗಳಲ್ಲಿ ಓಡಾಡಿತು. ಅದರಲ್ಲಿ ಕೂಗಿರಲಿಲ್ಲ, ಬರೀ ಸಂಗೀತ, ನನ್ನ ಬಾಯಿ ಅಗಲಿಸಿದ ಮುಖ, ಮೇಲಕ್ಕೆ ಚಿಮ್ಮುವ ಆರತಿ ನೀರು. ಸ್ಟಾಫ್‌ರೂಮಿನಲ್ಲಿ ಇಂಗ್ಲಿಷಿನ ಮೇಡಂ ನನ್ನ ಪಕ್ಕದ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡು ಕೂತರು. ಕರಿಹಲಗೆಯ ಮೇಲೆ ಯಾರೋ ಪುಣ್ಯಾತ್ಮರು ಗರಗಸದ ಚಿತ್ರ ಬರೆದು, ಕೆಳಗೆ 'ಭಾಗಾಕಾರ' ಎಂದು ಬರೆದಿದ್ದರು. ಚಿತ್ರ ಚೆನ್ನಾಗಿತ್ತು, ಅಳಿಸಿ ಪಾಠ ಮುಂದುವರಿಸಿದೆ.

ಅಮ್ಮನಿಗೆ ಸುದ್ದಿ ಮುಟ್ಟಿಸಿದವರು ಯಾರೋ ಗೊತ್ತಿಲ್ಲ. ಸಿನಿಮಾ ಇನ್ನೊಂದು ವಾರದಲ್ಲಿ ನಮ್ಮೂರಿನ ಸಮುದಾಯ ಭವನದಲ್ಲಿ, ಭಾನುವಾರ ಬೆಳಿಗ್ಗೆ, ಎಲ್ಲರಿಗೂ ಪುಕ್ಕಟೆ ಎಂದು ತಿಳಿದವಳೇ ಬೇಲೂರಿಗೆ ಫೋನು ಮಾಡಿಸಿ, ನಾದಿನಿ ಸರೋಜತ್ತೆಗೆ ಹೇಳಿಬಿಟ್ಟಳು. "ನಮ್ಮ ಮೂರ್ತಿ ಸಿನಿಮಾದಲ್ಲಿ ಮಾಡಿದಾನೆ ಕಣೇ, ಎಲ್ಲರೂ ಬನ್ನಿ." ನಾನು ತಪ್ಪಿಸಲು ಪಟ್ಟ ಪಾಡು ಹೇಳತೀರದು. ಭವನದಲ್ಲಿ ಫ್ಯಾನಿಲ್ಲ ಎಂದೆ. ಕೂರಲು ಪ್ಲಾಸ್ಟಿಕ್ ಕುರ್ಚಿ, ನಿನ್ನ ಸೊಂಟಕ್ಕಾಗಲ್ಲ ಎಂದೆ. ಮಾಲೇಕಲ್ಲು ತಿರುಪತಿಗೆ ಹೋಗಿ ಬರೋಣ, ಅವತ್ತು ದಿನ ಚೆನ್ನಾಗಿದೆ ಎಂದೂ ಹೇಳಿ ನೋಡಿದೆ.

"ಮೂರ್ತಿ, ಸ್ವಾಮಿ ಎಲ್ಲಿಗೂ ಹೋಗಲ್ಲ. ಇದು ಒಂದೇ ಆಟ ಅಂತಲ್ಲ" ಎಂದಳು.

ಕೊನೆಗೆ ನಿಜ ಹೇಳಿದೆ. "ಅದರಲ್ಲಿ ನನ್ನನ್ನ ಗರಗಸದಲ್ಲಿ ಕೊಯ್ತಾರೆ ಅಮ್ಮ. ನೋಡೋಕಾಗಲ್ಲ ನಿನಗೆ."

"ಜಾದೂ ತಾನೆ? ಅವೆಲ್ಲ ಕಣ್ಕಟ್ಟು. ನೀನು ಮೊಟ್ಟೆ ಇಟ್ಟಿದ್ದನ್ನೇ ನೋಡಿಲ್ವಾ ನಾವು?" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಭಾನುವಾರ ರೇಷ್ಮೆ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ನಮಗಿಂತ ಮೊದಲೇ ಜಗಲಿಯ ಮೇಲೆ ಕೂತಿದ್ದಳು. ಭವನ ತುಂಬಿತ್ತು. ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಎದುರಿಗೆ ಬಿಳೀ ಪರದೆ, ಹಿಂದೆ ಮೇಜಿನ ಮೇಲೆ ಪ್ರೊಜೆಕ್ಟರು. ಮುಂದಿನ ಸಾಲಿನಲ್ಲಿ ಪುಟ್ಟಸ್ವಾಮಿ ಹೆಂಡತಿಯ ಜೊತೆ, ಹೊಸ ಶರ್ಟಿನಲ್ಲಿ. ಹಿಂದಿನ ಸಾಲುಗಳ ತುಂಬ ನನ್ನ ಶಾಲೆಯ ಹುಡುಗರು. ನಮ್ಮ ಸಾಲಿನಲ್ಲಿ ಬೇಲೂರಿನಿಂದ ಬಂದವರು, ಸುಧಾ, ಸರೋಜತ್ತೆ, ಅಮ್ಮ, ಅಮ್ಮನ ಪಕ್ಕದಲ್ಲಿ ನಾನು.

ಸಿನಿಮಾಕ್ಕೆ ಜನ ಬಿದ್ದು ಬಿದ್ದು ನಕ್ಕರು. ಹೆದರಿಸಬೇಕಾದ ಕಡೆಯೆಲ್ಲ ನಕ್ಕರು. ಒಬ್ಬನ ತಲೆ ಉರುಳಿದ ಕೂಡಲೇ ಕಿರಣನ ಮದುವೆ ಕೈ ತಡೆಯಲಾರದೆ ಪರದೆಯ ತುಂಬ ಗುಲಾಬಿ ಎಸಳು ಉದುರಿಸಿ ಮುಂದಿನ ದೃಶ್ಯಕ್ಕೆ ಹೋಗಿತ್ತು. ಅಮ್ಮನೂ ನಗುತ್ತಿದ್ದಳು. "ಈ ನೀರಿಗೆ ಸುಣ್ಣ ಜಾಸ್ತಿ ಆಯ್ತು" ಎಂದು ಸರೋಜತ್ತೆಗೆ ತೋರಿಸಿದಳು. ನಾನು ಪರದೆಯ ಮೇಲೆ ಬಂದಾಗ ಹುಡುಗರು ಶಿಳ್ಳೆ ಹೊಡೆದರು. ಅಮ್ಮ ನನ್ನ ಮೊಣಕೈ ತಿವಿದು, "ಚೆನ್ನಾಗಿ ಕಾಣ್ತೀಯ ಕಣೋ" ಎಂದಳು.

ಪೆಟ್ಟಿಗೆ ಮುಚ್ಚಿದರು. ಗರಗಸ ಹೊರಟಿತು. ಕಿರಣ ಮಾತು ಉಳಿಸಿಕೊಂಡಿರಲಿ ದೇವರೇ ಎಂದು ಕುರ್ಚಿಯ ಅಂಚನ್ನು ಹಿಡಿದುಕೊಂಡೆ. "ಅಮ್ಮಾ! ಬಾಮ್ಮಾ, ನಂಗೆ ಭಯ ಆಗುತ್ತೆ" ಎಂದು ನನ್ನ ಧ್ವನಿ ಇಡೀ ಭವನವನ್ನು ತುಂಬಿತು. ಹುಡುಗರು ಹೋ ಎಂದು ನಕ್ಕರು. ಯಾರೋ ಹಿಂದಿನಿಂದ ಅದೇ ರಾಗದಲ್ಲಿ, "ಬಾಮ್ಮಾ!" ಎಂದು ಎಳೆದ. ನಾನು ಪಕ್ಕಕ್ಕೆ ತಿರುಗಲಿಲ್ಲ. ಅಮ್ಮನ ನಗು ನಿಂತದ್ದು ಮಾತ್ರ ಕಿವಿಗೆ ತಿಳಿಯಿತು.

ತಾಳಿ ಕಟ್ಟುವುದನ್ನು ಮದುವೆ ವಿಡಿಯೋದವರು ಒಂದು ಸಲ ತೋರಿಸಿ ಬಿಡುವುದಿಲ್ಲ. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಮುಖವನ್ನು ಹತ್ತಿರಕ್ಕೆ ತಂದು ಮತ್ತೊಮ್ಮೆ. ಕಿರಣ ನನ್ನ ಕೂಗಿಗೂ ಅದೇ ಮರ್ಯಾದೆ ಮಾಡಿದ್ದ. ಎರಡನೇ ಸಲ ಕೂಗು ಬಂದಾಗ ಅಮ್ಮ ಎದ್ದು ನಿಂತಳು. ಪ್ರೊಜೆಕ್ಟರಿನ ಬೆಳಕಿಗೆ ಅವಳ ನೆರಳು ಪರದೆಯ ಮೇಲೆ ಬಿದ್ದು, ಪೆಟ್ಟಿಗೆಯೂ ಗಾರುಡಿಯೂ ಅರ್ಧ ಮುಚ್ಚಿಹೋದರು. "ಕೂತ್ಕಳಜ್ಜಿ!" ಎಂದು ಕೂಗಿದರು. "ಮೇಷ್ಟ್ರ ಅಮ್ಮ ಕಣ್ರೋ!" ಎಂದು ಇನ್ಯಾರೋ ಅಂದರು. ನಗು ಇನ್ನೂ ಜೋರಾಯಿತು.

ನನಗೆ ನಾಚಿಕೆಯಿಂದ ಮೈ ಸುಟ್ಟಿತು. ಅವಳ ಸೆರಗು ಹಿಡಿದು ಎಳೆದೆ. "ಅಮ್ಮ, ಕೂತ್ಕೋ. ಎಲ್ಲಾ ನೋಡ್ತಿದಾರೆ. ನಾನು ಇಲ್ಲೇ ಇದೀನಲ್ಲ."

ಅಮ್ಮ ಬಗ್ಗಿ ನನ್ನ ಮುಖ ನೋಡಿದಳು. ಕನ್ನಡಕದಲ್ಲಿ ಪರದೆಯ ಕೆಂಪು ಆಡುತ್ತಿತ್ತು. "ನೀನು ಇದೀಯಪ್ಪ" ಎಂದಳು, ಸಮಾಧಾನವಾಗಿ. "ಕರೀತಿರೋನು ಅವನು."

ನನ್ನ ಕೈಯನ್ನು ಸೆರಗಿನಿಂದ ಬಿಡಿಸಿ, ಕುರ್ಚಿಗಳ ಬೆನ್ನು ಹಿಡಿದುಕೊಂಡು ಮುಂದಕ್ಕೆ ಹೊರಟಳು. ಮೂರನೇ ಸಲ ಕೂಗು ಬಂತು. "ಬಂದೆ ಕಣೋ, ಹೆದರ್ಕೋಬೇಡ, ಬಂದೆ" ಎಂದು ಅಷ್ಟೇ ಜೋರಾಗಿ ಹೇಳುತ್ತಾ ಹೋದಳು. ಹಿಂದಿನ ಸಾಲುಗಳಲ್ಲಿ ಒಬ್ಬರೂ ನಗಲಿಲ್ಲ. ನಾನು ಏಳಬೇಕಾಗಿತ್ತು. ಶಾಲೆಯ ಹುಡುಗರು ನೋಡುತ್ತಾರೆ, ಬೇಲೂರಿನವರು ನೋಡುತ್ತಾರೆ ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಬೆರಳ ಸಂದಿಯಿಂದ ಕಂಡಿತು. ಪರದೆಯ ಮೇಲೆ ಪುಟ್ಟಸ್ವಾಮಿ ನನ್ನನ್ನು ಕೊಯ್ಯುತ್ತಲೇ ಇದ್ದ. ಕೆಳಗೆ ಅದೇ ಪುಟ್ಟಸ್ವಾಮಿ ಮುಂದಿನ ಸಾಲಿನಿಂದ ಎದ್ದು ಬಂದು, "ಬನ್ನಿ ತಾಯಿ, ಮೆಟ್ಲೈತೆ ನೋಡ್ಕಳಿ" ಎಂದು ಅವಳ ಕೈ ಹಿಡಿದುಕೊಂಡು ಪರದೆಯ ಹತ್ತಿರಕ್ಕೆ ಕರೆದುಕೊಂಡು ಹೋದ. ನಾನು ಕೂತೇ ಇದ್ದೆ.